ಗೋಡೆಗೊತ್ತಿ ಸುರಿದ ಎರೆಮಣ್ಣು

ದವಾಖಾನೆಯಲ್ಲಿ ಕಳೆದ ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಯಾರ ಸಲಹೆಯನ್ನೂ ಕೇಳಿದವಳಲ್ಲ. ವಾರ್ಡಿನಲ್ಲಿ ಸಲಹೆಗೆ ಜಾಗವಿಲ್ಲ. ಬೆಳಿಗ್ಗೆ ಆರಕ್ಕೆ ಜ್ವರ ನೋಡಬೇಕು, ಏಳಕ್ಕೆ ಚಾದರ ಬದಲಿಸಬೇಕು, ಚಾದರದ ಮೂಲೆಗಳನ್ನು ಲಕೋಟೆಯಂತೆ ಮಡಚಬೇಕು. ಇದರಲ್ಲಿ ಯಾರದಾದರೂ ಅಭಿಪ್ರಾಯ ಏಕೆ ಬೇಕು? ನಿವೃತ್ತಿಯಾದ ಮೇಲೆ ಬೀದರಿನ ಅಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದೆ. ಗೋಡೆಗೆ ಯಾವ ಬಣ್ಣ, ಅಂಗಳದಲ್ಲಿ ಯಾವ ಗಿಡ ಎಂದು ಆಗ ಮೊದಲ ಸಲ ನಾಲ್ಕು ಜನರನ್ನು ಕೇಳಿದೆ. ಅಷ್ಟು ಹೊತ್ತನ್ನು ಒಂದು ಕಂಬದ ಮುಂದೆ ನಿಂತು ಕಳೆದಿದ್ದರೆ ಹೆಚ್ಚು ತಿಳಿಯುತ್ತಿತ್ತು.

ಕೇಳಿದ್ದು ನನಗಾಗಿ ಅಲ್ಲ. ನನಗೆ ಒಂದು ಮಂಚ, ಒಂದು ಗಡಿಯಾರ, ಸುಣ್ಣದ ಗೋಡೆ ಸಾಕು. ಕೇಳಿದ್ದು ಅಕ್ಕನಿಗಾಗಿ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅಲ್ಲೇ, ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ, ತಮ್ಮನ ಮನೆಯಲ್ಲಿ ಉಳಿದಳು. ನನ್ನನ್ನು ನರ್ಸಿಂಗ್ ಕಲಿಯಲು ಕಳಿಸಬಾರದೆಂದು ಅಪ್ಪ ಪಟ್ಟು ಹಿಡಿದಾಗ, ಎರಡು ದಿನ ಒಲೆ ಹಚ್ಚದೆ ಅವನನ್ನು ಒಪ್ಪಿಸಿದವಳು ಅವಳೇ. ಈಗ ಅವಳ ಕಣ್ಣಿನೊಳಗೆ ಒತ್ತಡ ಏರಿ ನೋಟ ಹೋಗುತ್ತಿತ್ತು. ಬೆಳಕು ಕಾಣುತ್ತಿತ್ತು, ಬಿಳಿಯ ಮೇಲೆ ಕಪ್ಪು ಇದ್ದರೆ ಅದರ ಅಂಚು ಕಾಣುತ್ತಿತ್ತು, ಅಷ್ಟೆ. ದಿನಕ್ಕೆ ಮೂರು ಸಲ, ಗಡಿಯಾರ ನೋಡಿ ಹನಿ ಹಾಕಿದರೆ ಉಳಿದದ್ದು ಉಳಿಯುತ್ತದೆ, ತಪ್ಪಿಸಿದರೆ ಅದೂ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ನನಗೇ ಹೇಳಿದ್ದರು.

ಚಿಂತಾಕಿಯಲ್ಲಿ ಆಗ ಯಾರು ಗಡಿಯಾರ ನೋಡುತ್ತಿದ್ದರು? ಎರಡು ವರ್ಷ ಮಳೆ ಕೈಕೊಟ್ಟಿತ್ತು. ಅರ್ಧ ಓಣಿ ಬೀಗ ಹಾಕಿಕೊಂಡು ಹೈದರಾಬಾದಿಗೆ, ಪುಣೆಗೆ ಹೋಗಿತ್ತು. ತಮ್ಮನ ಟ್ರ್ಯಾಕ್ಟರು ಉಳುವುದನ್ನು ಬಿಟ್ಟು ಜನರ ಗಂಟುಮೂಟೆಗಳನ್ನು ಬಸ್ಸಿನ ತನಕ ಸಾಗಿಸುತ್ತಿತ್ತು. ಅವನ ಹೆಂಡತಿಯ ದಿನವೆಲ್ಲ ನೀರಿನ ಸರದಿಯಲ್ಲೇ ಕಳೆಯುತ್ತಿತ್ತು. ಕಣ್ಣಿನ ಹನಿ ನೆನಪಾದಾಗ ಬೀಳುತ್ತಿತ್ತು.

"ಬಾ" ಎಂದೆ. ಅಕ್ಕ ಒಂದೇ ಮಾತಿನಲ್ಲಿ ಕರಾರು ಹಾಕಿದಳು.

"ಬ್ಯಾಸಗಿ ಮುಗಿಯೂತನಕ ಬರ್ತೇನಿ. ಮೊದಲ ಮಳಿ ಬಿತ್ತಂದ್ರ ನಾ ಹೊಂಟೆ. ಬಿತ್ತಿಗಿ ದಿನಾ ನಿನ್ನ ಮನ್ಯಾಗ ಕುಂತು ಏನ್ ಎಣಸ್ಲಿ?"

ಅಂದರೆ ನನಗೆ ಒಂದು ಬೇಸಿಗೆ ಸಿಕ್ಕಿತ್ತು. ಅಷ್ಟರೊಳಗೆ ಅವಳಿಗೆ ಬಿಟ್ಟುಹೋಗಲು ಮನಸ್ಸಾಗದಂಥ ಮನೆ ಮಾಡಬೇಕು. ಅವಳು ಹೋದರೆ ಕಣ್ಣು ಹೋದಂತೆಯೇ. ಇದು ಔಷಧಿಯ ವಿಷಯವಾಗಿದ್ದರೆ ನಾನು ಯಾರನ್ನೂ ಕೇಳುತ್ತಿರಲಿಲ್ಲ. ಮನೆ ಚೆಂದ ಮಾಡುವುದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಗೊತ್ತಿದ್ದವರನ್ನು ಕೇಳಲು ಹೊರಟೆ. ಅವರು ಗೊತ್ತಿದ್ದವರು ಎಂದು ನಂಬಿದ್ದು ನನ್ನ ತಪ್ಪು.

ಮೊದಲನೆಯವನು ಬಣ್ಣದ ಅಂಗಡಿಯವನು. ಸುಣ್ಣ ಬೇಕು ಎಂದೊಡನೆ ನಾನು ಸತ್ತವರ ಸಾಮಾನು ಕೇಳಿದೆನೇನೋ ಎಂಬಂತೆ ನೋಡಿದ.

"ಸುಣ್ಣ ಈಗ ಗೋದಾಮಿಗಿ ಹಚ್ತಾರ್ರಿ ಸಿಸ್ಟರ್‌ಬಾಯಿ. ಬದಾಮಿ ಬಣ್ಣ ತಗೋರಿ. ಪೂರಾ ಬೀದರಾಗ ಅದೇ ನಡದದ."

"ಯಾಕ?"

"ಎಲ್ಲಾರೂ ಅದೇ ಹಚ್ಚಸ್ತಾರ್ರಿ."

"ಅವರು ಯಾಕ ಹಚ್ಚಸ್ತಾರ?"

"ಅದಽ ನಡದದಲ್ರಿ, ಅದಕ್ಕ."

ಈ ತರ್ಕದ ಮೇಲೆ ಅವನು ಎರಡು ಅಂತಸ್ತಿನ ಅಂಗಡಿ ಕಟ್ಟಿದ್ದ. ಬಣ್ಣದ ಪಟ್ಟಿ ಬಿಚ್ಚಿ ಹಾಲುಕೆನೆ, ಬದಾಮಿ, ದಂತ, ಮರಳು ಎಂದು ಎಂಟು ಹೆಸರು ಹೇಳಿದ. ಎಂಟೂ ಒಂದೇ ಬಣ್ಣ. ಕಾಮಾಲೆ ಇಳಿಯುತ್ತಿರುವ ರೋಗಿಯ ಮುಖದ ಬಣ್ಣ.

ಎರಡನೆಯವರು ಪಕ್ಕದ ಮನೆಯವರು, ಯಾವುದೋ ಕಚೇರಿಯ ದಾಖಲೆ ವಿಭಾಗದಲ್ಲಿ ನಿವೃತ್ತರಾದವರು. ಬಂದು ನೋಡಿ ಹೇಳಿ ಎಂದು ನಾಲ್ಕು ಗಂಟೆಗೆ ಕರೆದಿದ್ದೆ. ಐದಕ್ಕೆ ಹತ್ತು ನಿಮಿಷ ಇರುವಾಗ, ಹಲ್ಲಿಗೆ ಕಡ್ಡಿ ಚುಚ್ಚಿಕೊಳ್ಳುತ್ತಾ ಬಂದರು. ನೆಲಕ್ಕೆ ಮುಖ ಕಾಣುವಷ್ಟು ನುಣುಪಾದ ಫರಸಿ ಹಾಕಿಸಿ, ಅದಕ್ಕೂ ಬದಾಮಿ ಬಣ್ಣವೇ ಇರಲಿ ಎಂದರು.

"ಗ್ವಾಡಿ ಬದಾಮಿ, ಫರಸಿ ಬದಾಮಿ, ಬಾಗಿಲಾನೂ ಬದಾಮಿ. ಒಂದಕ್ಕೊಂದು ಮ್ಯಾಚ್ ಆಗ್ತದ್ರಿ. ಕಣ್ಣಿಗಿ ತಂಪು."

ಯಾರ ಕಣ್ಣಿಗೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರ ಮನೆಯ ಫರಸಿಯ ಮೇಲೆ ಅವರೇ ಒಮ್ಮೆ ಜಾರಿ ಬಿದ್ದು, ಮೊಣಕೈಗೆ ಪಟ್ಟಿ ಕಟ್ಟಿದ್ದು ನಾನೇ ಎಂಬುದನ್ನು ಅವರು ಮರೆತಂತಿತ್ತು.

ಮೂರನೆಯವಳು ಭಾಲ್ಕಿಯ ಚಿಕ್ಕಪ್ಪನ ಮಗಳು. ನಮ್ಮ ಬಳಗದಲ್ಲೆಲ್ಲ ಚೆಂದದ ಮನೆ ಅವಳದು ಎಂದು ಹೆಸರು. ಬೆಳಗಿನ ಬಸ್ಸಿಗೆ ಹೋದೆ. ಬೀದರಿನಿಂದ ಭಾಲ್ಕಿಯವರೆಗೆ ಹೊಲಗಳು ಬಾಯಿ ಬಿಟ್ಟಿದ್ದವು, ಬಸ್ ನಿಂತಲ್ಲೆಲ್ಲ ಗಂಟು ಹೊತ್ತ ಜನ ನಿಂತಿದ್ದರು. ಅವಳ ಮನೆಗೆ ಹೋದರೆ ಅಂಗಳದಲ್ಲಿ ಪ್ಲಾಸ್ಟಿಕ್ಕಿನ ಹೂಗಳನ್ನು ಬುಟ್ಟಿಯಲ್ಲಿಟ್ಟು, ಟ್ಯಾಂಕರಿನ ನೀರಿನಲ್ಲಿ ಒಂದೊಂದೇ ಎಸಳು ತಿಕ್ಕಿ ತೊಳೆಯುತ್ತಿದ್ದಳು. ಆ ಓಣಿಗೆ ಟ್ಯಾಂಕರು ಬರುತ್ತಿದ್ದುದು ವಾರಕ್ಕೊಮ್ಮೆ.

"ಧೂಳ ಬಾಳ ಕೂಡ್ತದಕ್ಕಾ" ಎಂದಳು, ಕಷ್ಟ ಹೇಳಿಕೊಳ್ಳುವ ದನಿಯಲ್ಲಿ. "ಹದಿನೈದ ದಿನಕ್ಕೊಮ್ಮಿ ತೊಳೀಬೇಕು."

"ಖರೇ ಹೂವಿಗಿ ಇಷ್ಟ ನೀರ ಹಾಕಿದ್ರ ವರ್ಷಪೂರ್ತಿ ಬಿಡ್ತಾವಲ್ಲ?"

"ಅವು ಬಾಡ್ತಾವ" ಎಂದು ನನ್ನ ದಡ್ಡತನಕ್ಕೆ ನಕ್ಕಳು.

ಊಟಕ್ಕೆ ಕೂಡಿಸಿ ಮನೆಯ ಶೃಂಗಾರ ತೋರಿಸಿದಳು. ಗಾಜಿನ ಕಪಾಟಿನಲ್ಲಿ ಎಂದೂ ಚಹಾ ಕಾಣದ ಕಪ್ಪುಗಳು. ಗೋಡೆಯ ಮೇಲೆ ಹಿಮದ ಬೆಟ್ಟದ ಚಿತ್ರ. ಮೂಲೆಯಲ್ಲಿ ಒಣಗಿದ ಕಾರಂಜಿ. ಲಿಂಗಪೂಜೆಯ ಜಗಲಿಯ ಮೇಲೂ ಅದೇ ತೊಳೆದ ಹೂಗಳು. ನನ್ನ ಚೀಲದಲ್ಲಿ ಎರಡು ಗೊಂಚಲು ತುರುಕಿ, "ಅಕ್ಕಗ ಹೆಂಗೂ ಕಾಣಂಗಿಲ್ಲ, ನಡೀತದ" ಎಂದಳು. ಆ ಎರಡು ಗೊಂಚಲು ಬಸ್ಸಿನ ಕಿಟಕಿಯಿಂದ ಹೊರಗೆ ಹೋದವು. ಬಿಸಾಡಿದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಇಷ್ಟು ತಿಳಿದ ಮೇಲೆ ನಾನೇನು ಮಾಡಬೇಕಿತ್ತು? ಮೂವರನ್ನೂ ಮರೆತು ನನ್ನ ಬುದ್ಧಿಯಂತೆ ನಡೆಯಬೇಕಿತ್ತು. ನಡೆಯಲಿಲ್ಲ. ನರ್ಸಿಗೆ ಬರುವುದು ಎರಡೇ: ತಾನು ಹೇಳುವುದು, ಇಲ್ಲವೇ ಬರೆದುಕೊಟ್ಟದ್ದನ್ನು ಮಾಡುವುದು. ಕೇಳಿ, ತೂಗಿ, ಬಿಟ್ಟುಬಿಡುವ ಅಭ್ಯಾಸ ನನಗಿರಲಿಲ್ಲ. ಗೋಡೆಗೆ ಬದಾಮಿ ಬಂತು. ಫರಸಿಗೆ ಬದಾಮಿ ಬಂತು. ಬಾಗಿಲು, ಚೌಕಟ್ಟು, ಅಕ್ಕನ ಮಂಚದ ಮೇಲಿನ ಚಾದರ, ಎಲ್ಲ ಒಂದೇ ಬಣ್ಣ.

ಉಳಿದದ್ದು ಅಂಗಳ. ಅಕ್ಕನ ಕೋಣೆಗೆ ಪಕ್ಕದ ಓಣಿಯಂಥ ಜಾಗಕ್ಕೆ ತೆರೆಯುವ ಬಾಗಿಲೊಂದನ್ನು ಇಡಿಸಿದ್ದೆ. ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಐದಡಿ. ಅವಳು ಮೆಟ್ಟಿಲ ಮೇಲೆ ಕೂತು ಕೈ ಚಾಚಿದರೆ ಗಿಡ ಸಿಗಬೇಕು ಎಂಬುದು ನನ್ನ ಯೋಜನೆ. ಬೀದರಿನ ನೆಲ ಗೊತ್ತಲ್ಲ, ಕೆಂಪು ಜಂಬಿಟ್ಟಿಗೆ. ಅಗೆದರೆ ಕಲ್ಲು, ಕಲ್ಲು ಕೊಯ್ದರೆ ಇನ್ನೂ ಕಲ್ಲು. ಅದನ್ನು ನೋಡಲು ನಾಲ್ಕನೆಯವನಾಗಿ ಬಂದವನು ನನ್ನ ತಮ್ಮ.

ಔರಾದ ಕಡೆಯವರು ಕೆಂಪು ನೆಲವನ್ನು ನೆಲವೆಂದು ಒಪ್ಪುವುದಿಲ್ಲ. ಎರೆಮಣ್ಣಿನಲ್ಲಿ ಹುಟ್ಟಿದವರಿಗೆ ಅದು ಹುಟ್ಟಿನಿಂದಲೇ ಬಂದ ಗರ್ವ. ಮಳೆಯಿಲ್ಲದೆ ಅವರ ಹೊಲ ಸೀಳಿ ಬಿದ್ದಿದ್ದರೂ, ಊರು ಖಾಲಿಯಾಗಿದ್ದರೂ, ಮಣ್ಣು ಮಾತ್ರ ತಮ್ಮದೇ. ತಮ್ಮ ಒಂದು ಹಿಡಿ ಕೆಂಪು ಗರಸನ್ನು, ಆ ಹರಳು ಮಣ್ಣನ್ನು, ಎತ್ತಿ, ಮೂಸಿ, ಉದುರಿಸಿದ.

"ಇದು ಮಣ್ಣಲ್ಲಕ್ಕಾ, ಸುಟ್ಟ ಇಟ್ಟಂಗಿ ಪುಡಿ. ಇದರಾಗ ಏನ್ ಬೆಳೀತದ? ನಾ ನಮ್ಮ ಹೊಲದ ಎರಿ ತರ್ತೇನಿ. ದೊಡ್ಡಕ್ಕ ಒಮ್ಮಿ ಕೈ ಇಟ್ಟಳಂದ್ರ ಊರ ಮರೀತಾಳ."

ಈ ಒಂದು ಸಲಹೆಯನ್ನು ನಾನು ಮನಸ್ಸಿನಲ್ಲೂ ತಿರಸ್ಕರಿಸಲಿಲ್ಲ. ನನ್ನ ಮೈಯಲ್ಲೂ ಅದೇ ಗರ್ವ ಇತ್ತಲ್ಲ. ಬೀದರಿನಲ್ಲಿ ಅರ್ಧ ಆಯುಷ್ಯ ಕಳೆದಿದ್ದರೂ ಕೆಂಪು ನೆಲದ ಮೇಲೆ ನಾನೂ ಒಂದು ತುಳಸಿ ನೆಟ್ಟವಳಲ್ಲ. ಎರಡು ದಿನಕ್ಕೆ ಟ್ರ್ಯಾಕ್ಟರು ಬಂತು. ಕರಿ ಹೆಂಟೆಗಳು ಕಬ್ಬಿಣದಂತೆ ಒಣಗಿದ್ದವು. ಮೊಣಕಾಲೆತ್ತರ, ಈ ಗೋಡೆಯಿಂದ ಆ ಗೋಡೆಗೆ ಒತ್ತಿ ತುಂಬಿಸಿದ. ಮೆಟ್ಟಿಲನ್ನೂ ಎತ್ತರಿಸಿ ಆ ಮಣ್ಣಿನ ಮೇಲೆಯೇ ಕೂಡಿಸಿದ.

ಬಾಗಿಲ ಕಲ್ಲು ಕೂಡಿಸಲು ಬಂದಿದ್ದ ಕಲ್ಲು ಒಡೆಯುವ ಮುದುಕ ಇದನ್ನೆಲ್ಲ ಬೀಡಿ ಸೇದುತ್ತಾ ನೋಡುತ್ತಿದ್ದ. ಅವನನ್ನು ಯಾರೂ ಕೇಳಿರಲಿಲ್ಲ.

"ಗ್ವಾಡಿಗಿ ಒತ್ತಿ ಹಾಕಬ್ಯಾಡ್ರಿ ಅಕ್ಕಾರ. ನಮ್ಮ ಕೆಂಪು ನೆಲ ನೀರ ಕುಡದು ಕೆಳಗ ಬಿಡ್ತದ. ಎರಿ ಕುಡದು ಉಬ್ಬತದ. ನಡುವ ಗರಸು ಬಿಡ್ರಿ. ಇಲ್ಲಾಂದ್ರ ತಗದು ಒಂದು ಸೀತಾಫಲ ಹಚ್ಚರಿ, ತಾನಽ ಬೆಳೀತದ."

"ನಿನ್ನ ಕೆಲಸ ಕಲ್ಲು" ಎಂದೆ. "ಕಲ್ಲು ಕೂಡ್ಸು."

ವಾರ್ಡಿನಲ್ಲಿ ಆಯಾಗಳ ಜೊತೆ ಮಾತಾಡುತ್ತಿದ್ದ ದನಿಯಲ್ಲೇ ಹೇಳಿದೆ. ಅವನು ಬೀಡಿ ಆರಿಸಿ, ಕಲ್ಲು ಕೂಡಿಸಿ ಹೋದ.

ಅಕ್ಕ ಬಂದಳು. ಹೊಸಿಲು ದಾಟಿದವಳು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು.

"ಯವ್ವಾ, ಹಾಲಿನ ಕೊಪ್ಪರಿಗ್ಯಾಗ ಬಿದ್ದಂಗ ಆಗ್ಯದ. ಈ ಮನಿಗಿ ಬಾಗಿಲಾ ಅದಾವೋ ಇಲ್ಲೋ?"

ನಾನು ನಕ್ಕು ಕೈ ಹಿಡಿದು ನಡೆಸಿದೆ. ಹೊಸ ಮನೆ, ರೂಢಿಯಾಗುತ್ತದೆ ಎಂದುಕೊಂಡೆ. ಮೊದಲ ವಾರ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಳು. ಎರಡನೆಯ ವಾರ ನುಣುಪು ಫರಸಿಯ ಮೇಲೆ ಜಾರಿ ಕುಕ್ಕರಿಸಿದಳು. ಮೂರನೆಯ ವಾರಕ್ಕೆ ಗೋಡೆ ಸವರಿಕೊಂಡು, ಪಾದ ಎತ್ತದೆ, ಎಳೆದೆಳೆದು ನಡೆಯುವುದನ್ನು ಕಲಿತಳು. ಹೊಲದ ಬದುವಿನ ಮೇಲೆ ಕುಡಿ ಬಾಳೆಯಂತೆ ನೆಟ್ಟಗೆ ನಡೆದವಳು. ಮೂವತ್ತನಾಲ್ಕು ವರ್ಷ ರೋಗಿಗಳ ನಡಿಗೆ ನೋಡಿದ ನನಗೆ ಆ ನಡಿಗೆ ಏನು ಹೇಳುತ್ತಿದೆ ಎಂದು ಹೊಳೆಯಲಿಲ್ಲ. ಹೊತ್ತು ಹೊತ್ತಿಗೆ ಹನಿ ಹಾಕುವುದರಲ್ಲಿ ಮಗ್ನಳಾಗಿದ್ದೆ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಎಂಟು. ಒಂದು ದಿನವೂ ತಪ್ಪಲಿಲ್ಲ.

ಪಕ್ಕದ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂಡಿಸಿದ ದಿನ ಅವಳು ಮಣ್ಣಿಗೆ ಕೈ ಇಟ್ಟಳು. ಒಂದು ಹೆಂಟೆ ಪುಡಿ ಮಾಡಿದಳು. ಇನ್ನೊಂದು ಕೈ ಚಾಚಿ ಮನೆಯ ಗೋಡೆ ಮುಟ್ಟಿದಳು. ಏನೂ ಹೇಳಲಿಲ್ಲ. ಒಪ್ಪಿಗೆಯಾಗಿದೆ ಎಂದು ನಾನು ಸಂತೋಷಪಟ್ಟೆ. ಸ್ನಾನದ ನೀರನ್ನೆಲ್ಲ ಕೊಡದಲ್ಲಿ ಹಿಡಿದು ದಿನವೂ ಅಲ್ಲಿಗೇ ಸುರಿದೆ. ನೆಟ್ಟ ಮಲ್ಲಿಗೆ ಎರಡು ಎಲೆ ಬಿಟ್ಟಿತು.

ಬೇಸಿಗೆ ಮುಗಿಯಿತು. ಜೂನಿನಲ್ಲಿ ಒಂದು ಮಧ್ಯಾಹ್ನ ಮಳೆ ಬಂತು. ಎರಡು ವರ್ಷ ಬಾರದ್ದು ಒಂದೇ ಸಲ ಬಂದಂತೆ ಸಂಜೆಯ ತನಕ ಹೊಡೆಯಿತು. ಓಣಿಯ ಜನ ಹೊರಗೆ ನಿಂತು ನೆನೆದರು. ಅಕ್ಕ ಒಳಗೆ ತನ್ನ ಸೀರೆಗಳನ್ನು ಮಡಚಿ ಗಂಟು ಕಟ್ಟಿದಳು.

"ತಮ್ಮಗ ಫೋನ್ ಹಚ್ಚು. ಮುಂಜಾನೆ ಬರ್ಲಿ."

ಫೋನ್ ಹಚ್ಚಿದೆ. ಒಂದು ಸಣ್ಣ ಡಬ್ಬಿಯಲ್ಲಿ ಹನಿಯ ಬಾಟಲಿಗಳನ್ನಿಟ್ಟು, ಮೇಲೆ ಹೊತ್ತುಗಳನ್ನು ದಪ್ಪ ಅಕ್ಷರದಲ್ಲಿ ಬರೆದೆ. ಯಾರೂ ಓದುವುದಿಲ್ಲವೆಂದು ತಿಳಿದೇ ಬರೆದೆ.

ರಾತ್ರಿಯೂ ಸುರಿದ ಮಳೆ ಬೆಳಿಗ್ಗೆ ನಿಂತಿತು. ಅಕ್ಕ ಪಕ್ಕದ ಬಾಗಿಲು ತೆರೆಯಲು ಹೋದಳು. ಬಾಗಿಲು ಅಲುಗಲಿಲ್ಲ. ನಾನು ಭುಜ ಕೊಟ್ಟು ನೂಕಿದೆ. ಅಲುಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ದಾಖಲೆಯವರ ಕೂಗು ಕೇಳಿತು. ಜೀವಮಾನದಲ್ಲಿ ಮೊದಲ ಸಲ ಹೊತ್ತಿಗೆ ಮುಂಚೆ ಬಂದಿದ್ದರು.

"ಸಿಸ್ಟರ್‌ಬಾಯೀ! ನಿಮ್ಮ ಗ್ವಾಡಿ ನಮ್ಮ ಮನಿಗಿ ಬರ್ಲತ್ತದ್ರೀ!"

ಸುತ್ತು ಹಾಕಿ ಹೋಗಿ ನೋಡಿದೆ. ಎರೆಮಣ್ಣು ಹುದುಗಿದ ಹಿಟ್ಟಿನಂತೆ ಉಬ್ಬಿತ್ತು. ಅದರ ಮೇಲೆ ಕೂತಿದ್ದ ಮೆಟ್ಟಿಲು ಮೇಲೆದ್ದು ಬಾಗಿಲಿನ ತಳಕ್ಕೆ ಒತ್ತಿಕೊಂಡಿತ್ತು. ಕಾಂಪೌಂಡ್ ಗೋಡೆ ಹೊರಗೆ ಬಾಗಿತ್ತು. ಅಕ್ಕನ ಕೋಣೆಯ ಬದಾಮಿ ಗೋಡೆಯ ಮೇಲೆ ಕೆಳಮೂಲೆಯಿಂದ ಕಿಟಕಿಯವರೆಗೆ ಬೆರಳು ಹೋಗುವಷ್ಟು ಬಿರುಕು.

ತಮ್ಮ ಜೀಪು ತಂದವನು ಇಳಿದು ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಇಲ್ಲೀ ಗ್ವಾಡಿನೇ ಖರಾಬ್ ಅದಕ್ಕಾ" ಎಂದ. "ಮಣ್ಣ ಏನ್ ಮಾಡ್ತದ?"

ಒಳಗಿನಿಂದ ಅಕ್ಕ ನಗುತ್ತಿದ್ದಳು. ಬಿರುಕಿನೊಳಗೆ ಬೆರಳಿಟ್ಟುಕೊಂಡು, ಕೂತಲ್ಲೇ, ಹೊಟ್ಟೆ ಹಿಡಿದು ನಗುತ್ತಿದ್ದಳು.

"ಬರ್ರಿ, ಇಬ್ಬರೂ ಬರ್ರಿ. ಒಬ್ಬಾಕಿ ದವಾಖಾನಿ ಶಾಣೇಕಿ, ಒಬ್ಬಾಂವ ಹೊಲದ ಶಾಣೇ. ಎರಿ ಮಣ್ಣ ಗ್ವಾಡಿಗಿ ಒತ್ತತಾರೇನೋ ಹುಚ್ಚಾ? ನಮ್ಮ ಮನಿ ಸುತ್ತ ಅಪ್ಪ ಗರಸು ತುಂಬಿದ್ದು ಯಾಕಂತ ತಿಳದೀರಿ, ಶೃಂಗಾರಕ್ಕ?"

ತಮ್ಮ ತಲೆ ಕೆರೆದುಕೊಂಡ. ಹುಟ್ಟಿದಾಗಿನಿಂದ ಆ ಗರಸಿನ ಮೇಲೆ ಗೋಲಿ ಆಡಿದವನು.

"ಮಣ್ಣ ಮುಟ್ಟಿದ ದಿನಾನೇ ನಿನಗ ತಿಳದಿತ್ತಲ್ಲ" ಎಂದೆ ನಾನು. ಸಿಟ್ಟು ಬಂದಿತ್ತು. "ಅವತ್ತೇ ಯಾಕ ಹೇಳ್ಲಿಲ್ಲ?"

"ನೀ ಕೇಳ್ದೆ ಏನ?"

ಬಣ್ಣದ ಅಂಗಡಿಯವನನ್ನು ಕೇಳಿದ್ದೆ. ದಾಖಲೆಯವರನ್ನು ಕೇಳಿದ್ದೆ. ಹೂ ತೊಳೆಯುವವಳನ್ನು ಕೇಳಲು ಬಸ್ಸು ಹತ್ತಿ ಭಾಲ್ಕಿಗೆ ಹೋಗಿದ್ದೆ. ಆ ಮನೆಯಲ್ಲಿ ಇರಬೇಕಾದವಳನ್ನು ಮಾತ್ರ ಕೇಳಿರಲಿಲ್ಲ. ರೋಗಿಯನ್ನು ಯಾರಾದರೂ ಕೇಳುತ್ತಾರೆಯೇ? ವಾರ್ಡಿನ ಬುದ್ಧಿ. ಅವರೆಲ್ಲರ ಮೇಲೆ ನಾನು ಹೊತ್ತಿದ್ದ ತಿರಸ್ಕಾರದಲ್ಲಿ ದೊಡ್ಡ ಪಾಲು ನನಗೇ ಸೇರಬೇಕಿತ್ತು. ಸೇರಿಸಿಕೊಂಡೆ. ಹಾಗೆಂದು ಅವರ ಪಾಲನ್ನು ಕಡಿಮೆ ಮಾಡಿಲ್ಲ.

"ಈಗ ಕೇಳ್ತೇನಿ" ಎಂದೆ. "ಏನ್ ಮಾಡ್ಲಿ?"

ಅಕ್ಕ ನಗು ನಿಲ್ಲಿಸಿ ಬಿರುಕಿನಿಂದ ಬೆರಳು ತೆಗೆದಳು. ಆಮೇಲೆ ಒಂದರ ಹಿಂದೊಂದು ಹೇಳತೊಡಗಿದಳು, ಬಿತ್ತನೆಯ ದಿನ ಆಳುಗಳಿಗೆ ಹೇಳುವಂತೆ. ಕಲ್ಲಿನ ಮುದುಕನನ್ನು ಕರೆಸಬೇಕು. ಮಣ್ಣು ಪೂರಾ ತೆಗೆಸಬೇಕು. ಗೋಡೆಯ ಬುಡಕ್ಕೆ ಗರಸು. ನಡುವೆ ಒಂದು ಗುಂಡಿ, ಅದರಲ್ಲಿ ಬುಟ್ಟಿ ಎರೆಗೆ ಎರಡು ಬುಟ್ಟಿ ಕೆಂಪು ಬೆರೆಸಬೇಕು. ಒಂದು ಸೀತಾಫಲ, ಒಂದು ಕರಿಬೇವು. ಮಲ್ಲಿಗೆ ಬದುಕಿದರೆ ಬದುಕಲಿ.

"ಮತ್ತ ಈ ಹಾಲಿನ ಬಣ್ಣ ತಗೀ. ನಮ್ಮ ಮನ್ಯಾಗ ಹ್ಯಾಂಗ ಇತ್ತು? ಸುಣ್ಣ. ಕೆಳಗ ಜಾಜಿನ ಪಟ್ಟಿ. ಬಾಗಿಲ ಸುತ್ತ ಜಾಜು. ಯಾಕ ಹಚ್ತಿದ್ದೆವು ಗೊತ್ತೇನು? ಅವ್ವಗೂ ಕಡೀಕ ಹಿಂಗೇ ಕಣ್ಣ ಹೋಗಿದ್ದವು. ಆ ಕೆಂಪು ಗೆರಿ ನೋಡೇ ನಡೀತಿದ್ಲು."

ಪಟ್ಟಿ ಅದಕ್ಕೆಂದು ನನಗೆ ಗೊತ್ತಿರಲಿಲ್ಲ. ಕಲಿಯಲು ಹೋದವಳು ನಾನು. ಪ್ರತಿ ದೀಪಾವಳಿಗೆ ಅಕ್ಕ ಕೆಂಪು ಜಾಜುಕಲ್ಲು ಅರೆದು ಗೋಡೆಯ ಬುಡಕ್ಕೆ ಗೇಣಗಲ ಎಳೆಯುತ್ತಿದ್ದುದನ್ನು ರಜೆಗೆ ಬಂದಾಗ ನೋಡಿದ್ದೆ. ಹಳ್ಳಿಯ ಚೆಂದ ಎಂದುಕೊಂಡಿದ್ದೆ.

ತಮ್ಮ ಗಂಟು ಎತ್ತಿಕೊಂಡು ಜೀಪಿಗೆ ಇಡಲು ಹೊರಟ.

"ಅದನ್ನ ಅಲ್ಲೇ ಇಡು" ಎಂದಳು ಅಕ್ಕ. "ನಿಮ್ಮಂಥಾ ಶಾಣೇರ ಕೈಯಾಗ ಬಿಟ್ಟು ಹೋದ್ರ ದೀಪಾವಳಿತನಕ ಈ ಮನಿ ನಿಲ್ಲಂಗಿಲ್ಲ. ನೀ ಹೋಗು, ಬಿತ್ತು. ಈ ಎರಿ ಹೊಳ್ಳಿ ಒಯ್ದು ಹೊಲಕ್ಕ ಹಾಕು. ಬರೂ ಮುಂದ ಒಂದ ಚೀಲ ಜಾಜು ತಾ."

ಕಲ್ಲಿನ ಮುದುಕ ಮಧ್ಯಾಹ್ನ ಬಂದ. ನನ್ನನ್ನು ನೋಡಲೂ ಇಲ್ಲ, ಮಾತಾಡಿಸಲೂ ಇಲ್ಲ. ಅದು ನನಗೆ ತಕ್ಕದ್ದೇ. ನೇರವಾಗಿ ಅಕ್ಕನ ಕುರ್ಚಿಯ ಹತ್ತಿರ ಹೋಗಿ, "ಹೇಳ್ರಿ ದೊಡ್ಡಕ್ಕಾರ" ಎಂದ. ಅಲ್ಲಿಂದ ನಾಲ್ಕು ದಿನ ಅವಳು ಹೇಳಿದಳು, ಅವನು ಮಾಡಿದ. ನಾನು ಚಹಾ ಮಾಡಿ ಕೊಟ್ಟೆ. ದಾಖಲೆಯವರು ಬಂದು ಕಾಂಪೌಂಡಿಗೂ ಬದಾಮಿ ಹಚ್ಚಿದರೆ ಹೇಗೆ ಎಂದು ಶುರು ಮಾಡಿದರು. ಅಕ್ಕ ಅವರಿಗೆ ಒಂದು ಬುಟ್ಟಿ ಗರಸು ಎತ್ತಿಕೊಡಿ ಎಂದಳು. ಸೊಂಟ ನೋವು ಎಂದು ಒಳಗೆ ಹೋದವರು ಮತ್ತೆ ಹೊರಬರಲಿಲ್ಲ.

ನುಣುಪು ಫರಸಿಯನ್ನು ಮಾತ್ರ ತೆಗೆಸಲಾಗಲಿಲ್ಲ. ಅದರ ಮೇಲೆ ಗೋಣಿತಾಟು ಹಾಸಿದೆವು. ಭಾಲ್ಕಿಯವಳು ದೀಪಾವಳಿಗೆ ಬಂದಾಗ ಆ ಗೋಣಿತಾಟು, ಸುಣ್ಣದ ಗೋಡೆ, ಕೆಂಪು ಪಟ್ಟಿ ಎಲ್ಲವನ್ನೂ ನೋಡಿ ಮೂಗು ಮುರಿದಳು.

"ಇದೇನಕ್ಕಾ, ಹಳ್ಳಿ ಮನಿ ಮಾಡೀರಿ?"

ಅಕ್ಕ ಅವಳ ದನಿ ಬಂದ ಕಡೆ ತಿರುಗಲಿಲ್ಲ. ಎರಡು ಗಂಟೆಯಾಗಿತ್ತು, ನಾನು ಬಾಟಲಿ ಹಿಡಿದು ಒಳಕೋಣೆಯಲ್ಲಿ ಕಾಯುತ್ತಿದ್ದೆ. ಅವಳು ಕುರ್ಚಿಯಿಂದ ಎದ್ದು, ಗೋಡೆ ಮುಟ್ಟದೆ, ಪಾದ ಎತ್ತಿ ಇಡುತ್ತಾ, ಜಾಜಿನ ಚೌಕಟ್ಟಿನ ನಟ್ಟನಡುವೆ ಹಾಯ್ದು ನನ್ನ ಮುಂದೆ ಬಂದು ನಿಂತು ಮುಖ ಎತ್ತಿದಳು.

"ಜಲ್ದಿ ಹಾಕು" ಎಂದಳು. "ಕರಿಬೇವಿಗಿ ನೀರ ಹಾಕೂದದ."